ವೇಲ್ಸ್‌ನ ಹೊಳೆದಂಡೆಯ ಕಾಟೇಜು: ಯಾವ ಕಣಿವೆ, ಎಂಥ ಮನೆ?

ಲಂಡನ್, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್ ಕಡೆಯ ಕನ್ನಡದ ಮನೆಗಳಲ್ಲಿ ಬೇಸಿಗೆ ರಜೆ ಹತ್ತಿರ ಬಂದಾಗ, ಇಲ್ಲವೇ ಊರಿಂದ ಅಪ್ಪ ಅಮ್ಮ ಬಂದಿಳಿದಾಗ, ವೇಲ್ಸ್‌ನಲ್ಲಿ ಹೊಳೆ ಪಕ್ಕ ಒಂದು ವಾರ ಮನೆ ಹಿಡಿಯೋಣ ಎಂಬ ಮಾತು ಬಂದೇ ಬರುತ್ತದೆ. ಹುಡುಕಲು ಕೂತರೆ ಫೋಟೊಗಳೆಲ್ಲ ಒಂದೇ ಥರ ಇರುತ್ತವೆ: ಕಲ್ಲಿನ ಗೋಡೆ, ಸ್ಲೇಟು ಹೊದಿಸಿದ ಮಾಡು, ಮುಂದೆ ಹುಲ್ಲು, ಆಚೆ ನೀರು. ಇದರಲ್ಲಿ ಯಾವುದನ್ನು ಹಿಡಿಯುವುದು ಎಂದು ತಲೆ ಕೆಡುವುದು ಸಹಜ.

ಮನೆಯನ್ನು ಮೊದಲು ಆರಿಸಿ ಆಮೇಲೆ ಅದು ಎಲ್ಲಿದೆ ಎಂದು ನೋಡುವವರೇ ಹೆಚ್ಚು. ಈ ಕ್ರಮವನ್ನು ತಿರುಗಿಸಿಕೊಳ್ಳಿ. ಹೊಳೆ ಎಂಥದ್ದು ಎಂಬುದರ ಮೇಲೆ ಇಡೀ ವಾರ ನಿಂತಿರುತ್ತದೆ: ಮಕ್ಕಳು ನೀರಿಗಿಳಿಯಬಹುದೇ, ರಾತ್ರಿ ನಿದ್ದೆ ಬರುತ್ತದೆಯೇ, ಮಳೆ ಬಂದರೆ ರಸ್ತೆ ಉಳಿಯುತ್ತದೆಯೇ, ಕಾರಿಲ್ಲದೆ ಹಾಲು ತರಬಹುದೇ. ಆದ್ದರಿಂದ ಮೊದಲು ಕಣಿವೆ, ಆಮೇಲೆ ಮನೆ.

ಅಳೆಯಬೇಕಾದದ್ದು ಏನೇನು

ಮೊದಲನೆಯದು, ಮನೆ ನೀರಿನಿಂದ ಎಷ್ಟು ಮೇಲಿದೆ. ಎಷ್ಟು ದೂರ ಎಂಬುದಕ್ಕಿಂತ ಎಷ್ಟು ಎತ್ತರ ಎಂಬುದೇ ಇಲ್ಲಿ ಮುಖ್ಯ. ಹೊಳೆಯಿಂದ ಹತ್ತು ಮೀಟರ್ ದೂರದಲ್ಲಿದ್ದರೂ ಎತ್ತರದ ಬಂಡೆಯ ಮೇಲೆ ಕೂತ ಮನೆ ನಿಶ್ಚಿಂತೆ. ಇನ್ನೂರು ಮೀಟರ್ ಆಚೆ ಇದ್ದರೂ ಚಪ್ಪಟೆ ಹುಲ್ಲುಗಾವಲಿನ ಅಂಚಿನ ಮನೆಗೆ ಚಳಿಗಾಲದಲ್ಲಿ ನೀರು ಬರಬಹುದು. ಪರೀಕ್ಷೆ ಮಾಡುವುದು ಕಷ್ಟವಲ್ಲ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ 1:25,000 ನಕ್ಷೆಯಲ್ಲಿ ಮನೆಗೂ ಹೊಳೆಗೂ ನಡುವೆ ಒಂದಾದರೂ ಸಮೋನ್ನತ ರೇಖೆ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ) ಹಾದುಹೋಗಿದೆಯೇ ನೋಡಿ. ನ್ಯಾಚುರಲ್ ರಿಸೋರ್ಸಸ್ ವೇಲ್ಸ್ ಎಂಬ ಸರ್ಕಾರಿ ಸಂಸ್ಥೆಯ ತಾಣದಲ್ಲಿ ಮನೆಯ ಪೋಸ್ಟ್‌ಕೋಡ್ ಹಾಕಿದರೆ ನೆರೆಯ ಅಪಾಯ ಎಷ್ಟೆಂದು ತೋರಿಸುತ್ತದೆ. ಕೊನೆಗೆ ಮಾಲೀಕರಿಗೆ ಒಂದೇ ನೇರ ಪ್ರಶ್ನೆ: 2020ರ ಫೆಬ್ರುವರಿಯಲ್ಲಿ ಮನೆಗೆ ನೀರು ಬಂದಿತ್ತೇ, ಮನೆಗೆ ಬರುವ ದಾರಿ ಮುಳುಗಿತ್ತೇ? ಆ ತಿಂಗಳು ಕಿಯಾರಾ, ಡೆನ್ನಿಸ್ ಎಂಬ ಎರಡು ಬಿರುಗಾಳಿ ಒಂದರ ಹಿಂದೊಂದು ಬಂದು ವೇಲ್ಸ್‌ನ ಹಲವು ಹೊಳೆಗಳು ದಂಡೆ ಮೀರಿದ್ದವು. ಆಗ ಒಣಗಿದ್ದ ಮನೆಯನ್ನು ಬಹುಮಟ್ಟಿಗೆ ನಂಬಬಹುದು. ಪ್ರಶ್ನೆಯಲ್ಲಿ ದಾರಿಯನ್ನೂ ಸೇರಿಸಿದ್ದಕ್ಕೆ ಕಾರಣವಿದೆ. ಮನೆ ಸುರಕ್ಷಿತವಾಗಿದ್ದು ಅಲ್ಲಿಗೆ ಹೋಗುವ ಓಣಿ ಮಾತ್ರ ಸೊಂಟದೆತ್ತರ ನೀರಿನಲ್ಲಿ ನಿಲ್ಲುವುದೇ ಹೆಚ್ಚು.

ಎರಡನೆಯದು, ಜಾಹೀರಾತಿನ ಮಾತು. 'ರಿವರ್ ವ್ಯೂ' ಅಂದರೆ ಕಿಟಕಿಯಿಂದ ಹೊಳೆ ಕಾಣುತ್ತದೆ, ಅಷ್ಟೆ. ನಡುವೆ ಬೇರೆಯವರ ಹೊಲವೋ ಡಾಂಬರು ರಸ್ತೆಯೋ ಇರಬಹುದು. 'ರಿವರ್‌ಸೈಡ್' ಅಂದರೆ ಪಕ್ಕದಲ್ಲೇ, ಆದರೆ ಇಳಿಯಲು ದಾರಿ ಇರಲೇಬೇಕೆಂದಿಲ್ಲ. ದಂಡೆಯೇ ಮನೆಯ ಜಾಗಕ್ಕೆ ಸೇರಿದ್ದರೆ ಅದನ್ನು 'ಪ್ರೈವೇಟ್ ರಿವರ್ ಫ್ರಂಟೇಜ್' ಎಂದು ಬಿಡಿಸಿ ಬರೆದಿರುತ್ತಾರೆ. ಮೀನು ಹಿಡಿಯುವ ಹಕ್ಕು ಇನ್ನೂ ಬೇರೆಯದೇ. ದಂಡೆ ಮನೆಯವರದ್ದಾದರೂ ಮೀನಿನ ಹಕ್ಕು ಯಾವುದೋ ಸಂಘದ ಕೈಯಲ್ಲಿರಬಹುದು. ಹಕ್ಕುದಾರರ ಅನುಮತಿಯ ಜೊತೆಗೆ ಹದಿಮೂರು ತುಂಬಿದ ಪ್ರತಿಯೊಬ್ಬರಿಗೂ ಗಾಳದ ಪರವಾನಗಿ ಬೇಕು. ಸಾಲ್ಮನ್ ಸಿಕ್ಕರೆ ನೀರಿಗೇ ಬಿಡಬೇಕೆಂಬ ನಿಯಮ 2020ರಿಂದ ಇದೆ.

ಮೂರನೆಯದು ಸದ್ದು. ವೇಲ್ಸ್‌ನ ಕಣಿವೆಗಳು ಕಿರಿದು. ಹೊಳೆ ಹರಿಯುವ ಕಣಿವೆಯಲ್ಲೇ ಹೆದ್ದಾರಿಯೂ ಹೋಗುತ್ತದೆ. ಅಸ್ಕ್ ಹೊಳೆಯ ಜೊತೆಗೆ ಎ40 ರಸ್ತೆ, ಮೇಲಿನ ವೈ ಹೊಳೆಯ ಜೊತೆಗೆ ಎ470, ಲ್ಯಾಂಗೋಲೆನ್‌ನಲ್ಲಿ ಡೀ ಹೊಳೆಯ ಜೊತೆಗೆ ಎ5. ಉಪಗ್ರಹ ಚಿತ್ರ ತೆರೆದು ಮನೆಯ ಹಿಂದೆ ಏನಿದೆ ನೋಡಿ. ಫೋಟೊಗಳನ್ನು ಯಾವಾಗಲೂ ಹೊಳೆಯ ಕಡೆಗೆ ತಿರುಗಿ ತೆಗೆದಿರುತ್ತಾರೆ. ಇನ್ನು ಹೊಳೆಯದೇ ಸದ್ದು: ಕಲ್ಲಿನ ಮೇಲೆ ಬೀಳುವ ನೀರು ರಾತ್ರಿಯಿಡೀ ಒಂದೇ ಸಮ ಮೊರೆಯುತ್ತದೆ. ಅದರಲ್ಲಿ ಚೆನ್ನಾಗಿ ನಿದ್ದೆ ಮಾಡುವವರೂ ಇದ್ದಾರೆ, ಕಣ್ಣೇ ಮುಚ್ಚಲಾಗದವರೂ ಇದ್ದಾರೆ. ಹಗುರ ನಿದ್ದೆಯವರು ಜೊತೆಗಿದ್ದರೆ ಹಿಂಬದಿಯಲ್ಲಿ ಒಂದು ಕೋಣೆ ಇರುವ ಮನೆ ನೋಡಿ.

ನಾಲ್ಕನೆಯದು ಬಿಸಿಲು. ಬೆಟ್ಟದ ಉತ್ತರದ ಮಗ್ಗುಲಲ್ಲಿ, ಮರಗಳ ಅಡಿಯಲ್ಲಿ, ನೀರಿನ ಪಕ್ಕದಲ್ಲಿ ಕೂತ ಮನೆಗೆ ನವೆಂಬರ್‌ನಿಂದ ಫೆಬ್ರುವರಿವರೆಗೆ ಬಿಸಿಲೇ ತಾಗದಿರಬಹುದು. ಹಾಸಿಗೆ ತಣ್ಣಗಿರುತ್ತದೆ, ಬಟ್ಟೆ ಒಣಗುವುದಿಲ್ಲ, ಬೀರುವಿನಲ್ಲಿ ಮುಗ್ಗಲು ವಾಸನೆ. ಹಿಂದೆ ತಂಗಿದವರ ಬರಹಗಳಲ್ಲಿ 'ಡ್ಯಾಂಪ್' ಎಂಬ ಪದ ಹುಡುಕಿ, ಅದು ಯಾವ ತಿಂಗಳಲ್ಲಿ ಬಂದಿದೆ ಎಂಬುದನ್ನೂ ನೋಡಿ. ಆಸ್ತಮಾ ಇರುವವರಿಗೆ ಇದು ಸಣ್ಣ ವಿಷಯವಲ್ಲ.

ಉಳಿದವು ದುಡ್ಡು, ದಾರಿ, ಅಡುಗೆಮನೆ. ಅವು ಮುಂದೆ ಬರುತ್ತವೆ.

ಅಸ್ಕ್: ಎಲ್ಲರಿಗೂ ಹೊಂದುವ ಕಣಿವೆ

ಮೊದಲ ಸಲ ಹೋಗುವವರಿಗೆ, ಮೂರು ತಲೆಮಾರು ಒಟ್ಟಿಗೆ ಹೋಗುವವರಿಗೆ ನಮ್ಮ ಮೊದಲ ಸಲಹೆ ಅಸ್ಕ್ ಕಣಿವೆ. ಅದರಲ್ಲೂ ಆಬರ್ಗವೆನ್ನಿಯಿಂದ ಬ್ರೆಕನ್‌ವರೆಗಿನ ಭಾಗ. ಕ್ರಿಕ್‌ಹವೆಲ್, ಲ್ಯಾಂಗನಿಡರ್, ಟಾಲಿಬಾಂಟ್ ಊರುಗಳು ಈ ಸಾಲಿನಲ್ಲಿವೆ. ಇದರ ಬಹುಪಾಲು ಬನ್ನೈ ಬ್ರೆಹೇನಿಯೋಗ್ ರಾಷ್ಟ್ರೀಯ ಉದ್ಯಾನದೊಳಗೆ ಬರುತ್ತದೆ. 2023ರವರೆಗೆ ಇದನ್ನು ಬ್ರೆಕನ್ ಬೀಕನ್ಸ್ ಎನ್ನುತ್ತಿದ್ದರು, ಹಳೆಯ ಹೆಸರಿನಲ್ಲಿ ಹುಡುಕಿದರೂ ಸಿಗುತ್ತದೆ. ಲಂಡನ್ನಿನಿಂದ ಎಂ4 ಹಿಡಿದರೆ ಕಾರಿನಲ್ಲಿ ಮೂರು ಗಂಟೆ ಚಿಲ್ಲರೆ. ರೈಲಿನಲ್ಲಿ ಪ್ಯಾಡಿಂಗ್ಟನ್‌ನಿಂದ ನ್ಯೂಪೋರ್ಟ್, ಅಲ್ಲಿ ಬದಲಿಸಿ ಅರ್ಧ ಗಂಟೆಯೊಳಗೆ ಆಬರ್ಗವೆನ್ನಿ. ಆಬರ್ಗವೆನ್ನಿ, ಬ್ರೆಕನ್ ಎರಡರಲ್ಲೂ ದೊಡ್ಡ ಸೂಪರ್‌ಮಾರ್ಕೆಟ್‌ಗಳಿವೆ.

ಅಸ್ಕ್ ಬೆಟ್ಟದ ಮಳೆಗೆ ಬೇಗ ಏರಿ ಬೇಗ ಇಳಿಯುವ ಹೊಳೆ. ಬೆಳಗ್ಗೆ ಮಕ್ಕಳು ಕಲ್ಲಿಂದ ಕಲ್ಲಿಗೆ ಹಾರಿದ ಜಾಗದಲ್ಲಿ ಸಂಜೆ ಕಂದು ನೀರು ಮರದ ಕೊಂಬೆಗಳನ್ನು ಹೊತ್ತು ಹೋಗುತ್ತಿರಬಹುದು. ಮಳೆ ನಿಮ್ಮ ತಲೆಯ ಮೇಲೆ ಬೀಳಬೇಕೆಂದೇನಿಲ್ಲ, ಮೇಲೆ ಪೆನ್-ಅ-ವಾನ್ ಬೆಟ್ಟದ ಕಡೆ ಬಿದ್ದರೂ ಸಾಕು. ನೀರಿನ ಬಣ್ಣ ತಿಳಿಯಿಂದ ಚಹಾದ ಬಣ್ಣಕ್ಕೆ ತಿರುಗಿತು, ಎಲೆ ಕಡ್ಡಿ ತೇಲಿಬರಲು ಶುರುವಾಯಿತು ಎಂದರೆ ಎಲ್ಲರೂ ಮೇಲೆ ಬರಬೇಕು. ಕ್ರಿಕ್‌ಹವೆಲ್ ಸೇತುವೆಯ ಸುತ್ತಲಿನ ತಗ್ಗು ಜಾಗ ದೊಡ್ಡ ನೆರೆಗೆ ಮುಳುಗುವಂಥದ್ದು. ಈ ಹಳೆಯ ಕಲ್ಲುಸೇತುವೆಗೆ ಒಂದು ಬದಿಯಿಂದ ಎಣಿಸಿದರೆ ಹದಿಮೂರು ಕಮಾನು, ಇನ್ನೊಂದು ಬದಿಯಿಂದ ಹನ್ನೆರಡು. ಮಕ್ಕಳಿಗೆ ಎಣಿಸಲು ಕೊಡಿ.

ಈ ಕಣಿವೆಗೆ ಒಂದು ದೊಡ್ಡ ಅನುಕೂಲವಿದೆ. ಹೊಳೆಗಿಂತ ಎತ್ತರದಲ್ಲಿ, ಬೆಟ್ಟದ ಮಗ್ಗುಲು ಹಿಡಿದು ಮನ್ಮತ್‌ಶೈರ್–ಬ್ರೆಕನ್ ಕಾಲುವೆ ಸಾಗುತ್ತದೆ, ಸುಮಾರು 56 ಕಿಲೋಮೀಟರ್. ಕಾಲುವೆಯ ನೀರಿನ ಮಟ್ಟ ಹೊಳೆಯಂತೆ ಏರಿಳಿಯುವುದಿಲ್ಲ, ಸದ್ದಿಲ್ಲ, ಪಕ್ಕದ ಕಾಲುದಾರಿ ಬಹುಪಾಲು ಸಮತಟ್ಟು. ಮಂಡಿ ನೋವಿನ ಅಮ್ಮನಿಗೆ, ಕೈಗಾಡಿಯ ಮಗುವಿಗೆ ಇದಕ್ಕಿಂತ ಒಳ್ಳೆಯ ನಡಿಗೆ ವೇಲ್ಸ್‌ನಲ್ಲಿ ಸಿಗುವುದು ಕಷ್ಟ. ಹೊಳೆಯೇ ಬೇಕು ಎಂಬ ಹಟ ಇಲ್ಲದಿದ್ದರೆ, ಟಾಲಿಬಾಂಟ್ ಅಥವಾ ಲ್ಯಾಂಗನಿಡರ್ ಬಳಿ ಕಾಲುವೆ ಪಕ್ಕದ ಮನೆ ಹಿಡಿದು ಹೊಳೆಗೆ ಹತ್ತು ನಿಮಿಷ ನಡೆದು ಹೋಗುವುದೇ ಜಾಣತನ. ನಾಲ್ಕು ವರ್ಷದೊಳಗಿನ ಮಕ್ಕಳಿದ್ದರೆ ಮಾತ್ರ ಕಾಲುವೆಗೂ ಬೇಲಿ ಇರುವುದಿಲ್ಲ ಎಂಬುದು ನೆನಪಿರಲಿ.

ಇಡೀ ಉದ್ಯಾನ 2013ರಿಂದ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಕತ್ತಲ ಆಕಾಶದ ಪ್ರದೇಶ. ಮೋಡವಿಲ್ಲದ, ಚಂದ್ರನಿಲ್ಲದ ರಾತ್ರಿ ಅಂಗಳದಿಂದಲೇ ಆಕಾಶಗಂಗೆ ಕಾಣುತ್ತದೆ. ಆದರೆ ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ನಕ್ಷತ್ರ ನೋಡಬೇಕೆಂದರೆ ಸೆಪ್ಟೆಂಬರ್ ನಂತರ ಬನ್ನಿ.

ವೈ: ದೋಣಿಗೂ ಪುಸ್ತಕಕ್ಕೂ

ವೈ ನದಿ ಪಂಲಿಮನ್ ಬೆಟ್ಟದಲ್ಲಿ ಹುಟ್ಟಿ ಸುಮಾರು 250 ಕಿಲೋಮೀಟರ್ ಹರಿದು ಚೆಪ್‌ಸ್ಟೋ ಬಳಿ ಸೆವರ್ನ್ ಅಳಿವೆ ಸೇರುತ್ತದೆ. ಕಾಟೇಜಿನ ಲೆಕ್ಕದಲ್ಲಿ ಇದು ಒಂದು ಹೊಳೆಯಲ್ಲ, ಮೂರು.

ರಯಾಡರ್‌ನಿಂದ ಬಿಲ್ತ್ ವೆಲ್ಸ್‌ವರೆಗಿನ ಮೇಲಿನ ವೈ ಬಂಡೆ, ಸೆಳವು, ಮಡುಗಳ ಹೊಳೆ. ನೋಡಲು ಸೊಗಸು, ಈಜಲು ಅಲ್ಲ. ಬಾಡಿಗೆ ಸ್ವಲ್ಪ ಕಡಿಮೆ, ಜನವೂ ಕಡಿಮೆ. ಕೆಳಗಿನ ವೈ, ಅಂದರೆ ಟಿಂಟರ್ನ್ ಸುತ್ತಮುತ್ತ, ಕಾಡು ತುಂಬಿದ ಆಳವಾದ ಕಮರಿ. 1131ರಲ್ಲಿ ಸ್ಥಾಪನೆಯಾದ ಮಠದ ಅವಶೇಷ ದಂಡೆಯ ಮೇಲೇ ನಿಂತಿದೆ. ಫೋಟೊ ನೋಡಿ ಇಲ್ಲಿ ಮನೆ ಹಿಡಿದವರಿಗೆ ಕಾದಿರುವ ವಿಷಯವೆಂದರೆ ಉಬ್ಬರ. ಸೆವರ್ನ್ ಅಳಿವೆಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಸುಮಾರು 14 ಮೀಟರ್ ಮುಟ್ಟುತ್ತದೆ, ಅದರ ಎಳೆತ ಟಿಂಟರ್ನ್ ದಾಟಿ ಮೇಲಕ್ಕೂ ಬರುತ್ತದೆ. ಇಳಿತದ ಹೊತ್ತಿಗೆ ಕಿಟಕಿಯಾಚೆ ಕಾಣುವುದು ಎರಡು ಕಡೆ ಕೆಸರಿನ ಇಳಿಜಾರು, ನಡುವೆ ಕಂದು ನೀರು. ಅದರಲ್ಲಿ ಕಾಲಿಟ್ಟರೆ ಹೂತುಹೋಗುತ್ತದೆ. ಚಾರಣಕ್ಕೆ, ಹಳೆಯ ಕಟ್ಟಡಗಳಿಗೆ, ಶರತ್ಕಾಲದ ಎಲೆಬಣ್ಣಕ್ಕೆ ಟಿಂಟರ್ನ್ ಅತ್ಯುತ್ತಮ. ನೀರಾಟಕ್ಕೆ ಬೇಡ.

ನಡುವಿನ ವೈ, ಗ್ಲಾಸ್ಬರಿಯಿಂದ ಹೇ-ಆನ್-ವೈವರೆಗೆ, ಕುಟುಂಬಗಳಿಗೆ ಮೀಸಲಿಟ್ಟಂತಿದೆ. ಅಗಲ ಪಾತ್ರ, ಗುಂಡುಕಲ್ಲಿನ ದಿಣ್ಣೆಗಳು, ಬೇಸಿಗೆಯಲ್ಲಿ ಮೊಣಕಾಲುದ್ದ ನೀರು. ಗ್ಲಾಸ್ಬರಿಯಲ್ಲಿ ಕೆನೂ ಬಾಡಿಗೆಗೆ ಹಿಡಿದರೆ ಹೇವರೆಗಿನ ಸುಮಾರು ಎಂಟು ಕಿಲೋಮೀಟರ್ ಎರಡು ಮೂರು ಗಂಟೆಯ ಪಯಣ. ತೇಲುಜಾಕೆಟ್ ಅವರೇ ಕೊಡುತ್ತಾರೆ, ಇಳಿದ ಜಾಗದಿಂದ ವಾಪಸ್ ಕರೆತರುವವರೂ ಇದ್ದಾರೆ. ಹೇ ಸೇತುವೆಯಿಂದ ಕೆಳಕ್ಕೆ ದೋಣಿ ನಡೆಸುವ ಹಕ್ಕು ಸಾರ್ವಜನಿಕರಿಗಿದೆ. ವೇಲ್ಸ್‌ನ ಹೆಚ್ಚಿನ ಹೊಳೆಗಳಲ್ಲಿ ಇಷ್ಟು ಖಚಿತವಾದ ಹಕ್ಕು ಇಲ್ಲ. ಸ್ವಂತ ಗಾಳಿದೋಣಿ, ಪ್ಯಾಡಲ್‌ಬೋರ್ಡ್ ತರುವವರು ಇದೊಂದೇ ಕಾರಣಕ್ಕೆ ವೈ ಆರಿಸಬಹುದು.

ಹೇ ಊರಿನ ತುಂಬ ಹಳೆಯ ಪುಸ್ತಕದ ಅಂಗಡಿಗಳು. ಮೇ ಕೊನೆಯಲ್ಲಿ ಸಾಹಿತ್ಯ ಹಬ್ಬ ನಡೆಯುತ್ತದೆ. ಆ ಹತ್ತು ಹನ್ನೊಂದು ದಿನ ಸುತ್ತಮುತ್ತ ಮನೆ ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಗಗನಕ್ಕೆ. ಹಬ್ಬ ಬೇಡದವರು ಆ ವಾರ ಬಿಟ್ಟು ಜೂನ್ ನಡುವಿಗೆ ಬನ್ನಿ. ಹೇ ಊರಿಗೆ ರೈಲಿಲ್ಲ, ಹೆರೆಫರ್ಡ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಭಾನುವಾರದ ಬಸ್ಸನ್ನು ನಂಬಿ ಹೊರಡಬೇಡಿ.

ವೈ ಬಗ್ಗೆ ಒಂದು ನೋವಿನ ವಿಷಯವನ್ನು ಹೇಳದೆ ಇರಲಾಗದು. ಕಣಿವೆಯ ಕೋಳಿ ಸಾಕಣೆಯ ಗೊಬ್ಬರ, ಹೊಲದ ಗೊಬ್ಬರ, ಚರಂಡಿ ನೀರು ಇವುಗಳ ರಂಜಕ ಸೇರಿ ಬೇಸಿಗೆಯಲ್ಲಿ ನೀರು ಹಸಿರುಗಟ್ಟುತ್ತದೆ. 2023ರಲ್ಲಿ ಇಂಗ್ಲೆಂಡಿನ ಪ್ರಕೃತಿ ಇಲಾಖೆ ತನ್ನ ಕಡೆಯ ವೈ ಭಾಗವನ್ನು 'ಕೆಟ್ಟಿದೆ, ಇನ್ನೂ ಕೆಡುತ್ತಿದೆ' ಎಂಬ ದರ್ಜೆಗೆ ಇಳಿಸಿತು. ಆಗಸ್ಟಿನ ಬಿಸಿ ದಿನಗಳಲ್ಲಿ ನೀರು ಬಟಾಣಿ ಸಾರಿನಂತೆ ಕಂಡರೆ ಮಕ್ಕಳನ್ನು ಇಳಿಸಬೇಡಿ. ಜೋರು ಮಳೆಯಾದ ಮೇಲೆ ಎರಡು ದಿನವೂ ಬೇಡ. ಯಾವ ಹೊಳೆಯಾದರೂ ಸರಿ, ಗಾಯವಿದ್ದರೆ ನೀರು ತಾಗದಂತೆ ಮುಚ್ಚಿ, ಊಟಕ್ಕೆ ಮುಂಚೆ ಕೈ ತೊಳೆಸಿ.

ಟೈವಿ: ದೂರ, ಅಗ್ಗ, ನಿಶ್ಶಬ್ದ

ಲಂಡನ್ನಿನಿಂದ ಐದು ಗಂಟೆಯ ದಾರಿ. ಅದಕ್ಕೇ ಇಲ್ಲಿಗೆ ಜನ ಕಡಿಮೆ, ಅದೇ ಬಾಡಿಗೆಗೆ ಒಂದು ಕೋಣೆ ಹೆಚ್ಚು ಸಿಗುತ್ತದೆ. ಲ್ಯಾಂಡಿಸಿಲ್, ನ್ಯೂಕ್ಯಾಸಲ್ ಎಮ್ಲಿನ್, ಕೆನಾರ್ಥ್, ಕಿಲ್ಗೆರನ್ ದಾಟಿ ಟೈವಿ ಕಾರ್ಡಿಗನ್ ಬಳಿ ಸಮುದ್ರ ಸೇರುತ್ತದೆ. ಹೊಳೆಯ ಮನೆಯಲ್ಲಿದ್ದುಕೊಂಡೇ ಅರ್ಧ ಗಂಟೆಯಲ್ಲಿ ಮರಳಿನ ಸಮುದ್ರತೀರಕ್ಕೆ ಹೋಗಬಹುದಾದ ಕಣಿವೆ ಇದು. ಕಾರ್ಡಿಗನ್ ಕೊಲ್ಲಿಯಲ್ಲಿ ಡಾಲ್ಫಿನ್‌ಗಳಿವೆ; ಮುಂಟ್ ಗುಡ್ಡದ ಮೇಲೆ ಕೂತು ತಾಳ್ಮೆಯಿಂದ ನೋಡಿದರೆ ದಡದಿಂದಲೇ ಕಾಣಸಿಗುತ್ತವೆ.

ಕೆನಾರ್ಥ್‌ನ ಜಲಪಾತ ಎತ್ತರವಿಲ್ಲ, ಬಂಡೆ ಮೆಟ್ಟಿಲುಗಳ ಮೇಲೆ ಜಾರುವ ನೀರು. ಶರತ್ಕಾಲದಲ್ಲಿ ಸಾಲ್ಮನ್‌ಗಳು ಅದನ್ನು ಹಾರಿ ಮೇಲೇರುತ್ತವೆ. ತುಂಗಭದ್ರೆಯ ಹರಿಗೋಲು ಕಂಡವರಿಗೆ ಇಲ್ಲಿಯ ಹರಿಗೋಲು ಕುತೂಹಲ ಹುಟ್ಟಿಸುತ್ತದೆ. ನಮ್ಮಲ್ಲಿಯದು ದುಂಡಗೆ, ಹಲವರು ಕೂರುವಂಥದ್ದು. ಇಲ್ಲಿಯದು ಒಬ್ಬನೇ ಕೂರುವ ಪುಟ್ಟ ತೊಟ್ಟಿ, ನಡುವೆ ಅಡ್ಡ ಹಲಗೆ, ಅದಕ್ಕೊಂದು ಪಟ್ಟಿ. ಕೆಲಸ ಮುಗಿದ ಮೇಲೆ ಆ ಪಟ್ಟಿಯನ್ನು ಹೆಗಲಿಗೆ ಹಾಕಿ ಇಡೀ ದೋಣಿಯನ್ನು ಬೆನ್ನಮೇಲೆ ಹೊತ್ತು ನಡೆಯುತ್ತಾರೆ. ಇಬ್ಬರು ಎರಡು ಹರಿಗೋಲಿನಲ್ಲಿ ನಡುವೆ ಬಲೆ ಹಿಡಿದು ಹೊಳೆಯ ಜೊತೆ ತೇಲುತ್ತ ಮೀನು ಹಿಡಿಯುವ ಪದ್ಧತಿ ಇದು. ಕೆನಾರ್ಥ್‌ನಲ್ಲಿ ಇದಕ್ಕೊಂದು ಸಂಗ್ರಹಾಲಯವಿದೆ.

ಹಿರಿಯರ ಜೊತೆ ಹೋಗುವವರಿಗೆ ಇನ್ನೊಂದು ಕಾರಣ: ಕಾರ್ಮಾರ್ಥೆನ್‌ನ ಉತ್ತರಕ್ಕೆ ಲ್ಯಾನ್‌ಪಿಮ್‌ಸೆಂಟ್ ಬಳಿಯ ಕಾಡಿನಲ್ಲಿ 1973ರಲ್ಲಿ ಶುರುವಾದ ಸ್ಕಂದ ವೇಲ್ ಆಶ್ರಮ. ಸುಬ್ರಹ್ಮಣ್ಯ, ಶಕ್ತಿ, ರಂಗನಾಥ ಗುಡಿಗಳಿವೆ, ನಿತ್ಯ ಪೂಜೆ ನಡೆಯುತ್ತದೆ. ಮಾಂಸ, ಮೀನು, ಮೊಟ್ಟೆ ಬಿಟ್ಟು ಬರಬೇಕೆಂಬ ನಿಯಮವಿದೆ, ಹೊರಡುವ ಮುಂಚೆ ಅವರ ತಾಣದಲ್ಲಿ ಓದಿಕೊಳ್ಳಿ.

ಕಾರಿಲ್ಲದೆ ಟೈವಿ ಕಣಿವೆ ಕಷ್ಟ. ಕಾರ್ಮಾರ್ಥೆನ್‌ವರೆಗೆ ರೈಲು, ಮುಂದೆ ಕಾರ್ಡಿಗನ್ ಬಸ್ಸು. ಬಸ್ಸಿನ ದಾರಿಯಿಂದ ಒಂದು ಮೈಲಿ ಒಳಗಿದ್ದರೂ ಸಾಮಾನು ಹೊತ್ತು ನಡೆಯಬೇಕಾಗುತ್ತದೆ. ಮೊಬೈಲ್ ಸಿಗ್ನಲ್ ಅನೇಕ ಕಡೆ ಇಲ್ಲವೇ ಇಲ್ಲ. ಮನೆಯಿಂದ ಕಚೇರಿ ಕೆಲಸ ಮಾಡುವವರು ವೈಫೈ ವೇಗ ಎಷ್ಟೆಂದು ಕೇಳಿ, ಫೋನಿನಲ್ಲಿ ವೈಫೈ ಕಾಲಿಂಗ್ ಹಾಕಿಕೊಂಡೇ ಹೊರಡಿ.

ಉತ್ತರದ ಮೂರು: ಕಾನ್ವಿ, ಮೌದಾಖ್, ಡೀ

ಮ್ಯಾಂಚೆಸ್ಟರ್, ಲಿವರ್‌ಪೂಲ್ ಕಡೆಯವರಿಗೆ ಉತ್ತರವೇ ಹತ್ತಿರ.

ಎರರಿ (ಸ್ನೋಡೋನಿಯಾ) ಬೆಟ್ಟಗಳೇ ಗುರಿಯಾದರೆ ಕಾನ್ವಿ ಕಣಿವೆಯ ಬೆಟೂಸ್-ಅ-ಕೋಯ್ಡ್. ಊರ ನಡುವೆ ಲಿಗ್ವಿ ಹೊಳೆ ಬಂಡೆಗಳ ಮೇಲೆ ಧುಮುಕುತ್ತದೆ. ರೈಲು ನಿಲ್ದಾಣ ಊರೊಳಗೇ ಇದೆ. ಲ್ಯಾಂಡಿಡ್ನೋ ಜಂಕ್ಷನ್‌ನಿಂದ ಅರ್ಧ ಗಂಟೆ. ದಿನಕ್ಕೆ ಕೆಲವೇ ರೈಲು, ನೆರೆ ಬಂದಾಗ ಆ ಹಳಿಯೂ ಮುಚ್ಚುತ್ತದೆ. 1,085 ಮೀಟರಿನ ಅರ್ ವಿಥ್ವಾ (ಸ್ನೋಡನ್) ಶಿಖರಕ್ಕೆ ಹೋಗುವವರಿಗೆ ಇಲ್ಲಿಂದ ಬಸ್ಸಿದೆ. ಶಿಖರದ ಹಾದಿ ಶುರುವಾಗುವ ಪೆನ್-ಅ-ಪಾಸ್‌ನಲ್ಲಿ ಕಾರು ನಿಲ್ಲಿಸಲು ಜನದಟ್ಟಣೆಯ ತಿಂಗಳುಗಳಲ್ಲಿ ಮುಂಗಡ ಕಾದಿರಿಸಬೇಕಾದ್ದರಿಂದ ಬಸ್ಸೇ ಲೇಸು. ಇಲ್ಲಿಯ ಹೊಳೆ ನೋಡುವುದಕ್ಕೆ ಮಾತ್ರ; ಮನೆಗಳು ಇಕ್ಕಟ್ಟು, ಬಾಡಿಗೆ ಹೆಚ್ಚು, ಮಳೆ ಎಲ್ಲ ಕಣಿವೆಗಳಿಗಿಂತ ಹೆಚ್ಚು. ಬೆಟ್ಟದ ಮೇಲೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುತ್ತದೆ. ಕೆಳಗೆ ಲ್ಯಾನ್‌ರೂಸ್ಟ್ ಊರು 2020ರ ಫೆಬ್ರುವರಿಯಲ್ಲಿ ಮುಳುಗಿತ್ತು, ಅಲ್ಲಿ ಹಿಡಿಯುವ ಮನೆಯ ಎತ್ತರ ನೋಡಿಯೇ ಹಿಡಿಯಿರಿ.

ಮೌದಾಖ್ ಅಳಿವೆ ಇಬ್ಬರೇ ಹೋಗುವವರಿಗೆ. ಡೊಲ್ಗೆಲ್ಲಾಯ್‌ನಿಂದ ಬಾರ್ಮತ್‌ವರೆಗೆ ಹಳೆಯ ರೈಲುಹಾದಿಯ ಮೇಲೆ ಸುಮಾರು 15 ಕಿಲೋಮೀಟರ್ ನಡೆಯುವ, ಸೈಕಲ್ ತುಳಿಯುವ ದಾರಿ. ಏರಿಲ್ಲ, ಇಳಿಜಾರಿಲ್ಲ, ಕೊನೆಗೆ ರೈಲ್ವೆ ಸೇತುವೆಯ ಮೇಲೆ ಅಳಿವೆ ದಾಟುವುದು. ಕಿಟಕಿಯ ನೋಟ ದಿನಕ್ಕೆ ನಾಲ್ಕು ಸಲ ಬದಲಾಗುತ್ತದೆ: ಆರು ಗಂಟೆ ನೀರು ತುಂಬುತ್ತದೆ, ಆರು ಗಂಟೆ ಮರಳು ಬಯಲಾಗುತ್ತದೆ. ಇಳಿತದಲ್ಲಿ ಮರಳಿನ ಮೇಲೆ ಅಡ್ಡ ನಡೆಯುವ ಆಸೆ ಬರುತ್ತದೆ, ಬೇಡ. ನೀರು ಹಿಂದಿನ ಕಾಲುವೆಗಳಲ್ಲಿ ಮೊದಲು ತುಂಬಿ ವಾಪಸ್ ದಾರಿ ಮುಚ್ಚುತ್ತದೆ.

ಡೀ ದಂಡೆಯ ಲ್ಯಾಂಗೋಲೆನ್ ಕಾರಿಲ್ಲದವರಿಗೆ, ಊರಿನ ಗಲಾಟೆ ಇಷ್ಟಪಡುವವರಿಗೆ. ರುವಾಬನ್ ನಿಲ್ದಾಣದಿಂದ ಬಸ್ಸು, ಊರೊಳಗೆ ಎಲ್ಲವೂ ಕಾಲ್ನಡಿಗೆಯಲ್ಲಿ. ಉಗಿಬಂಡಿ ಇದೆ, 1805ರಲ್ಲಿ ಮುಗಿದ ಪಾಂಟ್‌ಕಸಲ್ತೆ ಮೇಲ್ಗಾಲುವೆ ಹತ್ತಿರವಿದೆ. ನೆಲದಿಂದ 38 ಮೀಟರ್ ಎತ್ತರದಲ್ಲಿ ಕಬ್ಬಿಣದ ತೊಟ್ಟಿಯೊಳಗೆ ದೋಣಿ ಸಾಗುತ್ತದೆ. ಜುಲೈನಲ್ಲಿ ಅಂತರರಾಷ್ಟ್ರೀಯ ಸಂಗೀತೋತ್ಸವದ ವಾರ ಮನೆ ಸಿಗುವುದು ಕಷ್ಟ.

ದುಡ್ಡಿನ ಲೆಕ್ಕ

ನಾಲ್ವರಿಗೆ ಎರಡು ಮಲಗುವ ಕೋಣೆಯ ಸಾಧಾರಣ ಮನೆಗೆ ಚಳಿಗಾಲದಲ್ಲಿ ವಾರಕ್ಕೆ ಸುಮಾರು 400–600 ಪೌಂಡ್, ಆಗಸ್ಟಿನಲ್ಲಿ 900–1,400 ಪೌಂಡ್ ಎಂದು ಇಟ್ಟುಕೊಂಡು ಯೋಜನೆ ಮಾಡಿ. ಬಿಸಿನೀರ ಟಬ್ ಇದ್ದರೆ ಇನ್ನೂ ಮೇಲೆ. ಇಂಗ್ಲೆಂಡಿನ ಶಾಲಾ ರಜೆಗೆ ಒಂದು ವಾರ ಮುಂಚೆ ಅಥವಾ ನಂತರ ಹೋದರೂ ಬೆಲೆ ಗಣನೀಯವಾಗಿ ಇಳಿಯುತ್ತದೆ. ಶಾಲೆಗೆ ಹೋಗದ ಮಕ್ಕಳಿದ್ದರೆ ಮೇ ಮೊದಲ ಭಾಗ ಬಿಡಬೇಡಿ: ಏಪ್ರಿಲ್‌ನಿಂದ ಜೂನ್‌ವರೆಗೆ ಮಳೆ ಕಡಿಮೆ, ಹಗಲು ಉದ್ದ, ಹೊಳೆ ತಿಳಿ.

ಶುಕ್ರವಾರ ಅಥವಾ ಶನಿವಾರ ಮನೆ ಬದಲಾಗುವ ದಿನ. ನಾಲ್ಕು ಗಂಟೆಗೆ ಒಳಗೆ, ಹತ್ತು ಗಂಟೆಗೆ ಹೊರಗೆ. ಶುಕ್ರವಾರದಿಂದ ಮೂರು ರಾತ್ರಿಗಿಂತ ಸೋಮವಾರದಿಂದ ನಾಲ್ಕು ರಾತ್ರಿಯೇ ಅನೇಕ ಕಡೆ ಅಗ್ಗ. ನವೆಂಬರ್–ಮಾರ್ಚ್ ನಡುವೆ ಮಾಲೀಕರಲ್ಲಿ ಬೆಲೆ ಇಳಿಸಲು ಕೇಳುವುದರಲ್ಲಿ ತಪ್ಪಿಲ್ಲ. 2023ರ ಏಪ್ರಿಲ್‌ನಿಂದ ವೇಲ್ಸ್‌ನಲ್ಲಿ ರಜಾಮನೆ ವ್ಯಾಪಾರದ ತೆರಿಗೆಯಡಿ ಉಳಿಯಲು ವರ್ಷಕ್ಕೆ 182 ದಿನ ಬಾಡಿಗೆಗೆ ಹೋಗಲೇಬೇಕು, ಖಾಲಿ ವಾರ ಅವರಿಗೂ ಭಾರ. ಪೂರ್ತಿ ಬೆಲೆಯ ಐದನೇ ಒಂದು ಭಾಗ ಬಿಡಿ ಎಂದು ವಿನಯದಿಂದ ಕೇಳಿ, ಹಾಗೆ ಸಿಗದಿದ್ದರೆ ಸೌದೆಯೋ ಒಂದು ರಾತ್ರಿಯೋ ಹೆಚ್ಚಿಗೆ ಕೇಳಿ. ಮುಂದಿನ ಲೆಕ್ಕಕ್ಕೆ ಇನ್ನೊಂದು: 2027ರ ಏಪ್ರಿಲ್‌ನಿಂದ ಸ್ಥಳೀಯ ಕೌನ್ಸಿಲ್‌ಗಳು ಬಯಸಿದರೆ ತಲೆಗೆ ರಾತ್ರಿಗೆ 1.30 ಪೌಂಡ್ ಪ್ರವಾಸಿ ಸುಂಕ ಹಾಕಬಹುದು. ಮನೆ ಯಾವ ಕೌನ್ಸಿಲ್‌ನಲ್ಲಿದೆ ನೋಡಿಕೊಳ್ಳಿ.

ಮನೆಯೊಳಗೆ ನೋಡಬೇಕಾದ್ದು

ಹಳೆಯ ಗಿರಣಿ ಮನೆ ನೋಡಲು ಎಲ್ಲಕ್ಕಿಂತ ಚೆನ್ನ, ಹಿರಿಯರಿಗೆ ಎಲ್ಲಕ್ಕಿಂತ ಕಷ್ಟ: ಏಣಿಯಂಥ ಮೆಟ್ಟಿಲು, ತಲೆಗೆ ಬಡಿಯುವ ತೊಲೆ, ಬಚ್ಚಲು ಮಹಡಿಯ ಮೇಲೆ ಮಾತ್ರ. ಕೊಟ್ಟಿಗೆಯನ್ನು ಮನೆ ಮಾಡಿದ್ದರೆ ಸಾಮಾನ್ಯವಾಗಿ ಒಂದೇ ಅಂತಸ್ತು, ನೆಲ ಸಮ. ಮರದ ಲಾಡ್ಜ್ ಬೆಚ್ಚಗೆ, ಆದರೆ ಪಕ್ಕದಲ್ಲೇ ಇನ್ನೊಂದು. ಹಿರಿಯರಿದ್ದರೆ ಕೆಳಗಿನ ಅಂತಸ್ತಿನಲ್ಲಿ ಮಲಗುವ ಕೋಣೆ, ಶೌಚ ಎರಡೂ ಇವೆಯೇ ಎಂದು ಕೇಳಿ. ಇದೊಂದರಿಂದ ಅರ್ಧ ಪಟ್ಟಿ ಕರಗುತ್ತದೆ.

ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಕುಕ್ಕರ್ ಕೆಲಸ ಮಾಡದು, ತಳಕ್ಕೆ ಅಯಸ್ಕಾಂತ ಅಂಟುವ ಸ್ಟೀಲ್ ಕುಕ್ಕರ್ ತನ್ನಿ. ವಿದ್ಯುತ್ತು 230 ವೋಲ್ಟ್, ಊರಿನ ಮಿಕ್ಸಿ ನಡೆಯುತ್ತದೆ, ಪ್ಲಗ್ಗಿಗೆ ಅಡಾಪ್ಟರ್ ಸಾಕು. ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆಗೆ ಹೊಗೆ ಅಲಾರಂ ಕೂಗುವುದು ಖಚಿತ. ಅದನ್ನು ಬಟ್ಟೆ ಸುತ್ತಿ ಮುಚ್ಚಬೇಡಿ, ಕಿಟಕಿ ತೆರೆದು ಮೇಲಿನ ಫ್ಯಾನ್ ಮೊದಲೇ ಹಾಕಿ, ಅಡುಗೆಮನೆಯ ಬಾಗಿಲು ಮುಚ್ಚಿ. ಅಡುಗೆಗೆ ಬಾಗಿಲೇ ಇಲ್ಲದ ತೆರೆದ ವಿನ್ಯಾಸದ ಮನೆಯಲ್ಲಿ ವಾಸನೆ ಹಾಸಿಗೆವರೆಗೂ ಹೋಗುತ್ತದೆ. ಅರಿಸಿನ ಬಿಳಿ ಕಟ್ಟೆಕಲ್ಲಿಗೆ, ಬಿಳಿ ಟವೆಲ್ಲಿಗೆ ಹತ್ತಿದರೆ ಠೇವಣಿಯಿಂದ ಕಳೆಯುತ್ತಾರೆ. ಹಳೆಯ ಬಟ್ಟೆ ಎರಡು ಜೊತೆಗಿರಲಿ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಹೊಳೆ ಪಕ್ಕದ ಬಹುಪಾಲು ಮನೆಗಳಿಗೆ ಸೆಪ್ಟಿಕ್ ಟ್ಯಾಂಕ್. ಎಣ್ಣೆ ಅದರ ಪೈಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ, ಒದ್ದೆ ವೈಪ್ಸ್ ಕಟ್ಟಿಕೊಳ್ಳುತ್ತದೆ, ಬ್ಲೀಚ್ ಒಳಗಿನ ಜೀವಾಣುಗಳನ್ನು ಕೊಲ್ಲುತ್ತದೆ. ಕೆಟ್ಟರೆ ಹೋಗಿ ಸೇರುವುದು ನೀವು ನೋಡಲು ಬಂದ ಹೊಳೆಗೇ.

ಕುಡಿಯುವ ನೀರು ಊರಿನ ಕೊಳಾಯಿಯದೋ ಸ್ವಂತ ಊಟೆಯದೋ ಕೇಳಿ. ಊಟೆಯ ನೀರನ್ನು ಅತಿನೇರಳೆ ದೀಪದಿಂದ ಶುದ್ಧ ಮಾಡುತ್ತಾರೆ. ಕರೆಂಟು ಹೋದರೆ ದೀಪವೂ ಆರುತ್ತದೆ, ಆಗ ಕುದಿಸಿಯೇ ಕುಡಿಯಬೇಕು. ಬೆಚ್ಚಗಿಡುವ ವ್ಯವಸ್ಥೆ ರಾತ್ರಿ ಕಾಯುವ ಸ್ಟೋರೇಜ್ ಹೀಟರ್ ಆದರೆ ಹಿಂದಿನ ರಾತ್ರಿಯೇ ಹಾಕಿಡಲು ಹೇಳಿ, ಇಲ್ಲದಿದ್ದರೆ ಮೊದಲ ಸಂಜೆ ಚಳಿಯಲ್ಲೇ ಕಳೆಯಬೇಕು. ಸೌದೆ ಒಲೆಗೆ ಒಂದು ಬುಟ್ಟಿ ಮಾತ್ರ ಉಚಿತವಾಗಿ ಇಟ್ಟಿರುತ್ತಾರೆ, ಅದು ಒಂದು ಸಂಜೆಗೂ ಸಾಲದು.

ದಾರಿಯ ವಿಷಯ: ಹಳ್ಳಿಯ ಒಂದು ಪೋಸ್ಟ್‌ಕೋಡ್ ಹಲವು ಕಿಲೋಮೀಟರ್ ಹರಡಿರುತ್ತದೆ, ಸ್ಯಾಟ್‌ನ್ಯಾವ್ ಯಾವುದೋ ಹೊಲದ ಗೇಟಿಗೆ ತಂದು ನಿಲ್ಲಿಸುತ್ತದೆ. ಮಾಲೀಕರು ಕಳಿಸುವ ದಾರಿವಿವರವನ್ನು ಮನೆಯಲ್ಲೇ ಇಳಿಸಿಕೊಂಡು, ಬೆಳಕಿರುವಾಗ ತಲುಪಿ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು. ಒಂದೇ ಕಾರಿನಗಲದ ಓಣಿಯಲ್ಲಿ ಎದುರು ಗಾಡಿ ಬಂದಾಗ, ಸರಿಯುವ ಜಾಗ ಎಡಕ್ಕಿದ್ದರೆ ಅದರೊಳಗೆ ಹೋಗಿ. ಬಲಕ್ಕಿದ್ದರೆ ಅದರ ಎದುರೇ ನಿಂತು ಅವರನ್ನು ಅದರೊಳಗೆ ಬಿಡಿ. ಊರೊಳಗಿನ ಹೆಚ್ಚಿನ ರಸ್ತೆಗಳಲ್ಲಿ 2023ರ ಸೆಪ್ಟೆಂಬರ್‌ನಿಂದ ಮಿತಿ 20 ಮೈಲಿ. ಭಾರತದ ಲೈಸೆನ್ಸಿನಲ್ಲಿ ಭೇಟಿಗೆ ಬಂದವರು 12 ತಿಂಗಳು ಓಡಿಸಬಹುದು.

ಇನ್ನೂ ಎರಡು ಮನೆಗಳ ನಡುವೆ ಮನಸ್ಸು ತೂಗುತ್ತಿದ್ದರೆ ಇಬ್ಬರು ಮಾಲೀಕರಿಗೂ ಒಂದೇ ಇಮೇಲ್ ಕಳಿಸಿ: 2020ರ ನೆರೆ, ದಂಡೆಗೆ ಬೇಲಿ, ಕೆಳಗಿನ ಶೌಚ, ಒಲೆಯ ಬಗೆ, ಮತ್ತು ರಸ್ತೆ ಮುಳುಗಿ ತಲುಪಲಾಗದಿದ್ದರೆ ಹಣ ವಾಪಸ್ ಬರುತ್ತದೆಯೇ. ಕೊನೆಯದಕ್ಕೆ ಉತ್ತರ ಬರಹದಲ್ಲೇ ಬೇಕು, ಏಕೆಂದರೆ ಅನೇಕ ಕರಾರುಗಳಲ್ಲಿ ಮನೆ ಸರಿಯಿದ್ದರೆ ರಸ್ತೆ ನಿಮ್ಮ ಹೊಣೆ. ಐದಕ್ಕೂ ನೇರವಾಗಿ ಉತ್ತರಿಸಿದವರ ಮನೆ ಹಿಡಿಯಿರಿ. ಹೊರಡುವ ಹಿಂದಿನ ದಿನ ಆ ಹೊಳೆಯ ಮೇಲೆ ನೆರೆ ಸೂಚನೆ ಇದೆಯೇ ನೋಡಿ: 'ಅಲರ್ಟ್' ಎಂದಿದ್ದರೆ ಎಚ್ಚರವಾಗಿ ಹೊರಡಬಹುದು, 'ವಾರ್ನಿಂಗ್' ಎಂದಿದ್ದರೆ ಹೊರಡುವ ಮುನ್ನ ಮಾಲೀಕರಿಗೆ ಫೋನ್ ಮಾಡಿ, 'ಸಿವಿಯರ್' ಎಂದಿದ್ದರೆ ಹೊರಡಬೇಡಿ.